ನಿಮಗಿದು ಗೊತ್ತೇ? ನಾಳಿನ ಕರೆಂಟಿನ ಲೆಕ್ಕ ಇಂದಿನ ಮನೆಯಲ್ಲಿದೆ

◆ 2020ರ ಏಪ್ರಿಲ್ 5ರ ರಾತ್ರಿ 9 ಗಂಟೆಗೆ 9 ನಿಮಿಷ ಮನೆಯ ದೀಪ ಆರಿಸಿ ಎಂದು ಪ್ರಧಾನಿ ಕರೆ ಕೊಟ್ಟಿದ್ದರು. ದೇಶದ ವಿದ್ಯುತ್ ಜಾಲವನ್ನು ನಡೆಸುವ ಎಂಜಿನಿಯರುಗಳು ಬೇಡಿಕೆ 12ರಿಂದ 14 ಸಾವಿರ ಮೆಗಾವಾಟ್ ಇಳಿಯಬಹುದೆಂದು ಮೊದಲೇ ಲೆಕ್ಕ ಹಾಕಿಟ್ಟಿದ್ದರು. ಇಳಿದದ್ದು 31 ಸಾವಿರ ಮೆಗಾವಾಟ್‌ಗೂ ಹೆಚ್ಚು. ಜಲವಿದ್ಯುತ್ ಕೇಂದ್ರಗಳನ್ನು ಸರಸರನೆ ಇಳಿಸಿ, ಮತ್ತೆ ಏರಿಸಿ ಜಾಲವನ್ನು ಕಾಪಾಡಿದ್ದು ಅವರ ದೊಡ್ಡ ಸಾಧನೆ. ಆದರೂ ಒಂದೆರಡು ದಿನ ಮುಂಚಿನ ಅಂದಾಜು ನಿಜದ ಇಳಿಕೆಯ ಅರ್ಧಕ್ಕಿಂತ ಕಡಿಮೆಯಾಯಿತು. ಹಾಗಾದರೆ 20 ವರ್ಷ ಮುಂದಿನ ಬಾಗಲಕೋಟೆಯಲ್ಲಿ ಯಾರು ಯಾವ ಸ್ವಿಚ್ ಒತ್ತುತ್ತಾರೆಂದು ಹೇಳುವುದು ಹೇಗೆ?

◆ ಹೇಳಲೇಬೇಕು, ಏಕೆಂದರೆ ಒಂದು ಉಷ್ಣ ವಿದ್ಯುತ್ ಸ್ಥಾವರ ಕಟ್ಟಲು ವರ್ಷಗಳೇ ಬೇಕು. ಕಟ್ಟಿದ ಮೇಲೆ ಅದು ದಶಕಗಳ ಕಾಲ ಉರಿಯಬೇಕು. ಪಕ್ಕದ ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 800 ಮೆಗಾವಾಟ್‌ನ 3 ಘಟಕಗಳು ನಿಂತಿವೆ, ಒಟ್ಟು 2400 ಮೆಗಾವಾಟ್. ಅಂದಾಜು ಹೆಚ್ಚಾದರೆ ಕೊಳ್ಳದ ಕರೆಂಟಿಗೂ ಹಣ ಕಟ್ಟಬೇಕಾಗುತ್ತದೆ, ಕಡಿಮೆಯಾದರೆ ಕತ್ತಲೆ.

◆ ಕೇಂದ್ರ ವಿದ್ಯುತ್ ಪ್ರಾಧಿಕಾರವು ಇಡೀ ದೇಶದ ಬೇಡಿಕೆಯನ್ನು ಅಳೆದು ಪ್ರಕಟಿಸುವ ಸಮೀಕ್ಷೆಯ 20ನೇ ಆವೃತ್ತಿ 2022ರಲ್ಲಿ ಬಂತು. ಮನೆ, ಅಂಗಡಿ, ಕೈಗಾರಿಕೆ, ಪಂಪ್‌ಸೆಟ್ ಎಂದು ಬಳಕೆದಾರರನ್ನು ಬೇರೆ ಬೇರೆ ಮಾಡಿ ಲೆಕ್ಕ ಹಾಕುತ್ತಾರೆ. ಇದು ಒಳ್ಳೆಯ ದಾರಿ. ಆದರೆ ‘ಮನೆ’ ಎಂಬ ಒಂದೇ ಸಾಲಿನಲ್ಲಿ ಬಾಗಲಕೋಟೆಯ ನವನಗರದ ಸೆಕ್ಟರಿನ ಎರಡು ಅಂತಸ್ತಿನ ಮನೆಯೂ ಬಾದಾಮಿಯ ಹಳ್ಳಿಯೊಂದರ ಒಂಟಿ ಬಲ್ಬಿನ ಮನೆಯೂ ಸೇರಿಬಿಡುತ್ತವೆ.

◆ ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಾದ ಇಂಧನ ಯೋಜನಾ ಮಾದರಿಗಳಲ್ಲಿ ಒಂದರ ಹೆಸರು ಮಾರ್ಕಲ್. ಅಮೆರಿಕದ ಬ್ರೂಕ್‌ಹೇವನ್ ಮತ್ತು ಜರ್ಮನಿಯ ಯೂಲಿಷ್ ಪ್ರಯೋಗಾಲಯಗಳು 1970ರ ದಶಕದ ಕೊನೆಗೆ ಇದನ್ನು ಬೆಳೆಸಿದವು. ಇದರ ಮೂಲ ರೂಪದಲ್ಲಿ ತೀರ್ಮಾನ ತೆಗೆದುಕೊಳ್ಳುವವರು ಒಬ್ಬರೇ. ಅವರಿಗೆ ಮುಂದಿನ 30–40 ವರ್ಷಗಳ ಬೆಲೆಗಳೆಲ್ಲ ಇಂದೇ ಗೊತ್ತು. ಒಟ್ಟು ಖರ್ಚು ಯಾವುದರಲ್ಲಿ ಕಡಿಮೆಯೋ ಅದನ್ನೇ ಆರಿಸುತ್ತಾರೆ. ಅಂಥ ಗಿರಾಕಿ ಯಾವ ಊರಿನ ಅಂಗಡಿಗೂ ಬರುವುದಿಲ್ಲ. ಕೈಯಲ್ಲಿರುವ ಹಣ, ಅಂಗಡಿಯವನ ಮಾತು, ಬೀಗರ ಮನೆಯಲ್ಲಿ ಕಂಡದ್ದು, ಮದುವೆಯ ತುರ್ತು, ಇವೆಲ್ಲ ಸೇರಿ ಫ್ಯಾನೋ ಫ್ರಿಜ್ಜೋ ಮನೆಗೆ ಬರುತ್ತದೆ. ಮನುಷ್ಯರ ನಡವಳಿಕೆಯನ್ನು ಈ ಮಾದರಿಗಳೊಳಗೆ ತರುವುದು ಹೇಗೆ ಎಂಬುದು ಇಂದಿಗೂ ಸಂಶೋಧಕರ ಮುಂದಿರುವ ದೊಡ್ಡ ಪ್ರಶ್ನೆ.

◆ ಈ ಪ್ರಶ್ನೆಗೆ ಜಗತ್ತೇ ಗಮನಿಸುವಂಥ ಉತ್ತರವೊಂದು ಕರ್ನಾಟಕದಿಂದಲೇ ಹೊರಟಿತ್ತು. ಇದು ನಮ್ಮ ಶಾಲೆಯ ಪುಸ್ತಕಗಳಲ್ಲಿ ಇರಬೇಕಿದ್ದ ಕತೆ.

1987ರಲ್ಲಿ ರಾಜ್ಯದ ವಿದ್ಯುತ್ ಯೋಜನೆಗಳ ದೀರ್ಘಾವಧಿ ಸಮಿತಿಯೊಂದು ವರದಿ ಕೊಟ್ಟಿತು. ಆ ವರದಿಯ ಪ್ರಕಾರ 2000ನೇ ಇಸವಿಗೆ ಕರ್ನಾಟಕಕ್ಕೆ ವರ್ಷಕ್ಕೆ ಸುಮಾರು 4,750 ಕೋಟಿ ಯೂನಿಟ್ ವಿದ್ಯುತ್ ಬೇಕು, ಸಾಮರ್ಥ್ಯ 9,400 ಮೆಗಾವಾಟ್ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಪ್ರೊ. ಅಮೂಲ್ಯ ಕೆ.ಎನ್. ರೆಡ್ಡಿ (1930–2006) ಮತ್ತು ಅವರ ಜೊತೆಗಾರರಾದ ಗ್ಲಾಡಿಸ್ ಸುಮಿತ್ರ, ಪಿ. ಬಾಲಚಂದ್ರ, ಆಂಟೊನೆಟ್ ಡಿಸಾ ಇದಕ್ಕೆ ಬದಲಿ ಲೆಕ್ಕವನ್ನು ಮುಂದಿಟ್ಟರು. ಅವರು ಹಳೆಯ ಬಳಕೆಯ ಗೆರೆಯನ್ನು ಮುಂದಕ್ಕೆಳೆದು ನೋಡಲಿಲ್ಲ. ಜನಕ್ಕೆ ಬೇಕಾಗಿರುವುದು ಯೂನಿಟ್ಟೇ, ಅಥವಾ ಬೆಳಕು, ಬಿಸಿನೀರು, ಹೊಲಕ್ಕೆ ನೀರೇ ಎಂದು ಕೇಳಿದರು. ಬೆಳಕೇ ಬೇಕಾದರೆ ಹಳೆ ಬಲ್ಬಿನ ಬದಲು ಸಿಎಫ್‌ಎಲ್ ಹಾಕಿದರೆ ಎಷ್ಟು ಉಳಿಯುತ್ತದೆ? ಬಿಸಿನೀರಿಗೆ ಸೌರ ಹೀಟರ್ ಇಟ್ಟರೆ? ಪಂಪ್‌ಸೆಟ್ಟಿನ ಫುಟ್‌ವಾಲ್ವ್ ಮತ್ತು ಪೈಪು ಬದಲಿಸಿದರೆ? ಹೀಗೆ ಒಂದೊಂದೇ ಬಳಕೆಯನ್ನು ಎಣಿಸುತ್ತ ಬಂದಾಗ 2000ನೇ ಇಸವಿಗೆ ಸಿಕ್ಕ ಉತ್ತರ ಸುಮಾರು 1,790 ಕೋಟಿ ಯೂನಿಟ್, 4,000 ಮೆಗಾವಾಟ್. ಸಮಿತಿಯ ಲೆಕ್ಕದ ಅರ್ಧವೂ ಇಲ್ಲ. ಬೇಕಾದ ಹೂಡಿಕೆ ಸುಮಾರು ಮೂರರಲ್ಲಿ ಒಂದು ಪಾಲು.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಮತ್ತೊಂದು ಅಂಶ. ರಾಜ್ಯದ ಪ್ರತಿ ಮನೆಗೂ ವಿದ್ಯುತ್ ಕೊಡಬೇಕೆಂಬುದನ್ನು ಒಳಗಿಟ್ಟುಕೊಂಡೇ ಅವರು ಈ ಕಡಿಮೆ ಲೆಕ್ಕಕ್ಕೆ ಬಂದಿದ್ದರು. ಬಡವರನ್ನು ಕತ್ತಲೆಯಲ್ಲಿಟ್ಟು ಉಳಿಸಿದ ಉಳಿತಾಯ ಅದಾಗಿರಲಿಲ್ಲ. ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ 1991ರ ಏಪ್ರಿಲ್‌ನಲ್ಲಿ ಈ ಪ್ರಬಂಧ ಎರಡು ವಾರ ಪ್ರಕಟವಾಯಿತು. ಡಿಫೆಂಡಸ್ ಎಂದು ಅವರು ಹೆಸರಿಟ್ಟ ಈ ವಿಧಾನ ಬೇರೆ ದೇಶಗಳ ಇಂಧನ ಚರ್ಚೆಗಳಲ್ಲೂ ಪ್ರಸ್ತಾಪವಾಯಿತು.

◆ ಅದೇ 1991ರಲ್ಲಿ ರೆಡ್ಡಿಯವರು ಇನ್ನೊಂದು ಲೇಖನದಲ್ಲಿ, ಉಳಿತಾಯವಾಗುತ್ತದೆಂದು ಗೊತ್ತಿದ್ದರೂ ಜನ ಒಳ್ಳೆಯ ಉಪಕರಣ ಏಕೆ ಕೊಳ್ಳುವುದಿಲ್ಲ ಎಂದು ಕೇಳಿ ಬಳಕೆದಾರರನ್ನು ಬೇರೆ ಬೇರೆ ಗುಂಪು ಮಾಡಿದರು. ಮಾಹಿತಿಯೇ ಇಲ್ಲದವರು. ಮೊದಲ ಕಂತಿಗೇ ಹಣವಿಲ್ಲದವರು. ಕರೆಂಟಿನ ಖರ್ಚು ಒಟ್ಟು ಖರ್ಚಿನಲ್ಲಿ ಚಿಕ್ಕದಾದ್ದರಿಂದ ತಲೆ ಕೆಡಿಸಿಕೊಳ್ಳದವರು. ಮನಸ್ಸಿದ್ದರೂ ತರಿಸುವ, ಹಾಕಿಸುವ, ರಿಪೇರಿ ಮಾಡಿಸುವ ದಾರಿ ಕಾಣದವರು. ನಾಳಿನ ಬೆಲೆ ಏನಾದೀತೋ ಎಂದು ಹಿಂಜರಿಯುವವರು. ಬೇರೆಯವರು ಕೊಂಡಿಟ್ಟ ಹಳೆ ಉಪಕರಣವನ್ನೇ ಬಳಸಬೇಕಾದವರು. ಕೊನೆಯವರು ಯಾರೆಂದು ತಿಳಿಯಲು ನವನಗರದ ಯಾವುದೇ ಬಾಡಿಗೆ ಮನೆಗೆ ಹೋಗಿ: ಫ್ಯಾನು ಮಾಲೀಕರದು, ಬಿಲ್ಲು ಬಾಡಿಗೆದಾರರದು. ಆರಕ್ಕೂ ಮದ್ದು ಬೇರೆ ಬೇರೆ. ‘ಜಾಗೃತಿ ಮೂಡಿಸೋಣ’ ಎಂಬ ಒಂದೇ ಔಷಧ ಮೊದಲನೆಯವರಿಗೆ ಮಾತ್ರ ಹತ್ತುತ್ತದೆ.

◆ ಅಮೆರಿಕದ ಅರ್ಥಶಾಸ್ತ್ರಜ್ಞ ಜೆರ‍್ರಿ ಹೌಸ್‌ಮನ್ 1979ರಲ್ಲಿ ಎಸಿ ಕೊಂಡವರನ್ನು ಅಭ್ಯಾಸ ಮಾಡಿದಾಗ, ಮುಂದೆ ಉಳಿಯುವ ಹಣವನ್ನು ಜನ ವರ್ಷಕ್ಕೆ ಸುಮಾರು ಶೇ. 20ರ ಬಡ್ಡಿಯಲ್ಲಿ ಮುರಿದುಕೊಂಡು ನೋಡುತ್ತಾರೆಂದು ಕಂಡುಬಂತು. ಆದಾಯ ಕಡಿಮೆಯಾದಷ್ಟೂ ಆ ದರ ಹೆಚ್ಚು. ಇದನ್ನು ಬಡವರ ಅವಿವೇಕ ಎನ್ನಲಾಗದು. ಕೈಸಾಲಕ್ಕೆ ಅದಕ್ಕಿಂತ ಹೆಚ್ಚು ಬಡ್ಡಿ ಕಟ್ಟುವವರಿಗೆ ಅದೇ ಸರಿಯಾದ ಲೆಕ್ಕ.

◆ ಬೆಂಗಳೂರಿನ ಬೆಸ್ಕಾಂ 2004ರ ಕೊನೆಗೆ ಸಿಎಫ್‌ಎಲ್ ಬಲ್ಬುಗಳ ಯೋಜನೆ ತಂದಾಗ ಬಲ್ಬಿನ ಬೆಲೆಯನ್ನು ಕರೆಂಟ್ ಬಿಲ್ಲಿನ ಜೊತೆ ಕಂತಿನಲ್ಲಿ ಕಟ್ಟುವ ಅವಕಾಶ ಕೊಟ್ಟಿತ್ತು. ಇದು ರೆಡ್ಡಿಯವರ ಎರಡನೇ ಗುಂಪಿಗೆ ಹೇಳಿ ಮಾಡಿಸಿದ ಮದ್ದು.

◆ ಎಲ್‌ಇಡಿ ಬಲ್ಬಿನ ‘ಉಜಾಲಾ’ ಯೋಜನೆ ಕರ್ನಾಟಕದಲ್ಲಿ ‘ಹೊಸಬೆಳಕು’ ಎಂಬ ಹೆಸರಲ್ಲಿ ನಡೆಯಿತು. 2014ರಲ್ಲಿ ಸರ್ಕಾರಿ ಖರೀದಿಯಲ್ಲಿ ಒಂದಕ್ಕೆ 310 ರೂಪಾಯಿ ಇದ್ದ ಬಲ್ಬು 2016ರ ಹೊತ್ತಿಗೆ 38 ರೂಪಾಯಿಗೆ ಇಳಿಯಿತು. ದೇಶದಲ್ಲಿ ಹಂಚಿದ್ದು 36 ಕೋಟಿಗೂ ಹೆಚ್ಚು. ಬೆಲೆ ಇಳಿದ ಮೇಲೆ ಉಪದೇಶದ ಅಗತ್ಯವೇ ಬೀಳಲಿಲ್ಲ. ಹುನಗುಂದದ ಕಿರಾಣಿ ಅಂಗಡಿಯಲ್ಲೂ ಹಳೆ ಬಲ್ಬು ಕೇಳುವವರು ಕಡಿಮೆಯಾದರು.

◆ ಉಳಿಸಿದ್ದೆಲ್ಲ ಉಳಿಯುವುದಿಲ್ಲ. ಕಲ್ಲಿದ್ದಲನ್ನು ಮಿತವಾಗಿ ಬಳಸುವ ಯಂತ್ರಗಳು ಬಂದ ಮೇಲೆ ಇಂಗ್ಲೆಂಡಿನಲ್ಲಿ ಕಲ್ಲಿದ್ದಲ ಬಳಕೆ ಹೆಚ್ಚಾಯಿತೆಂದು ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ 1865ರಲ್ಲೇ ಬರೆದರು. 60 ವಾಟಿನ ಬಲ್ಬು ತೆಗೆದು 9 ವಾಟಿನದು ಹಾಕಿದ ಮನೆಯಲ್ಲಿ ಕಟ್ಟೆಗೊಂದು, ದನದ ಕೊಟ್ಟಿಗೆಗೊಂದು, ತುಳಸಿಗೊಂದು ಹೊಸ ದೀಪ ಹತ್ತುತ್ತದೆ. ಕೊಟ್ಟಿಗೆಯಲ್ಲಿ ಬೆಳಕಾಗುವುದು ಪೋಲಲ್ಲ, ಆ ಮನೆಯ ಬದುಕು ಅಷ್ಟು ಹಸನಾದ ಲೆಕ್ಕ. ಯೋಜಕರು ಅದನ್ನು ಮೊದಲೇ ಎಣಿಸಿಕೊಳ್ಳಬೇಕು ಅಷ್ಟೆ.

◆ ಬಾಗಲಕೋಟೆಯನ್ನು ಒಕ್ಕಲೆಬ್ಬಿಸಿದ ನೀರೇ ವಿದ್ಯುತ್ತನ್ನೂ ಕೊಡುತ್ತದೆ. ಆಲಮಟ್ಟಿ ಅಣೆಕಟ್ಟಿನ ವಿದ್ಯುದಾಗಾರದಲ್ಲಿ 15 ಮೆಗಾವಾಟ್‌ನ 1 ಘಟಕ, 55 ಮೆಗಾವಾಟ್‌ನ 5 ಘಟಕಗಳಿವೆ, ಒಟ್ಟು 290. ಹಿನ್ನೀರಿಗೆ ಸಿಕ್ಕ ಹಳೇ ಊರಿನವರಿಗಾಗಿ ಕಟ್ಟಿದ್ದು ನವನಗರ. ಅದರ ನಕ್ಷೆಗೆ ದುಡಿದವರು ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ.

ಹಳೇ ಊರಿನ ಮಾಳಿಗೆ ಮನೆಗಳಲ್ಲಿ ದಪ್ಪ ಗೋಡೆ, ಜಂತಿಗಳ ಮೇಲೆ ಮಣ್ಣು, ನಡುವೆ ಬೆಳಕಿಂಡಿ ಇರುತ್ತಿತ್ತು. ಬೇಸಿಗೆಯ ಮಧ್ಯಾಹ್ನವೂ ಒಳಗೆ ತಂಪು. ರಾತ್ರಿ ಮಾಳಿಗೆಯ ಮೇಲೆ ಹಾಸಿಗೆ. ಸ್ಲ್ಯಾಬಿನ ಮನೆ ಹಗಲಿಡೀ ಬಿಸಿಲು ಕುಡಿದು ರಾತ್ರಿ ಒಳಗೆ ಕಕ್ಕುತ್ತದೆ. ಒಂದೇ ಕುಟುಂಬ, ಅದೇ ಜನ, ಆದರೆ ಫ್ಯಾನು ತಿರುಗುವ ತಾಸು ಹೆಚ್ಚಾಯಿತು, ಕೂಲರ್ ಬಂತು, ಉಳ್ಳವರಿಗೆ ಎಸಿ ಬಂತು. ಪುನರ್ವಸತಿ ಯೋಜನೆ ಎಂದರೆ ಅದೊಂದು ಇಂಧನ ಯೋಜನೆಯೂ ಹೌದು. ಈ ಎರಡು ಕಡತಗಳು ಎಲ್ಲೂ ಒಂದೇ ಮೇಜಿಗೆ ಬರುವುದಿಲ್ಲ ಎಂಬುದು ನನ್ನ ಕೊರಗು.

◆ ಆಲಮಟ್ಟಿಯ ಟರ್ಬೈನುಗಳು ಜೋರಾಗಿ ತಿರುಗುವುದು ಮಳೆಗಾಲದಲ್ಲಿ. ಗಾಳಿಯಂತ್ರಗಳ ಸುಗ್ಗಿಯೂ ಆಗಲೇ. ಸಕ್ಕರೆ ಕಾರ್ಖಾನೆಗಳ ಸಹವಿದ್ಯುತ್ ಕಬ್ಬು ನುರಿಸುವ ಚಳಿಗಾಲದಲ್ಲಿ. ಜನಕ್ಕೆ ಅತಿ ಹೆಚ್ಚು ಬೇಕಾಗುವುದು ಮಾತ್ರ ಮಾರ್ಚ್–ಏಪ್ರಿಲ್‌ನಲ್ಲಿ, ಮನೆಯ ಫ್ಯಾನೂ ಹೊಲದ ಮೋಟರೂ ಒಟ್ಟಿಗೆ ತಿರುಗುವಾಗ.

◆ ಹಳೆಯ ಮಾದರಿಯ ಸೀಲಿಂಗ್ ಫ್ಯಾನು ಸುಮಾರು 75 ವಾಟ್ ಎಳೆಯುತ್ತದೆ, ಬಿಎಲ್‌ಡಿಸಿ ಫ್ಯಾನು ಸುಮಾರು 30. ದಿನಕ್ಕೆ 15 ತಾಸಿನಂತೆ 240 ದಿನ ತಿರುಗಿಸಿದರೆ ಒಂದೇ ಫ್ಯಾನಿನಲ್ಲಿ 162 ಯೂನಿಟ್ ಉಳಿತಾಯ. ಯೂನಿಟ್ಟಿಗೆ 6 ರೂಪಾಯಿ ಎಂದಿಟ್ಟುಕೊಂಡರೂ ವರ್ಷಕ್ಕೆ 972 ರೂಪಾಯಿ. ಬಿಲ್ಲೇ ಶೂನ್ಯವಾಗಿರುವ ಮನೆಗೆ ಎಷ್ಟು ಉಳಿಯುತ್ತದೆ? ಏನೂ ಇಲ್ಲ.

◆ ಮನೆಗಳಿಗೆ ಉಚಿತ ವಿದ್ಯುತ್ ಕೊಡುವ ರಾಜ್ಯದ ಗೃಹಜ್ಯೋತಿ ಯೋಜನೆ 2023ರ ಜುಲೈ ಬಳಕೆಯಿಂದ ಜಾರಿಗೆ ಬಂತು. 200 ಯೂನಿಟ್ ಎಲ್ಲರಿಗೂ ಎಂದು ಅನೇಕರು ತಿಳಿದಿದ್ದಾರೆ, ಹಾಗಿಲ್ಲ. 2022–23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಎಷ್ಟಿತ್ತೋ ಅದರ ಮೇಲೆ ಶೇ. 10 ಸೇರಿಸಿ ಮಿತಿ ಕಟ್ಟಿದರು. 2024ರ ಜನವರಿಯಲ್ಲಿ, ಸರಾಸರಿ 48 ಯೂನಿಟ್ಟಿಗಿಂತ ಕಡಿಮೆ ಇರುವವರಿಗೆ ಶೇ. 10ರ ಬದಲು 10 ಯೂನಿಟ್ ಕೊಡಲು ಸಂಪುಟ ಒಪ್ಪಿತು. ಈ ತಿದ್ದುಪಡಿ ನ್ಯಾಯವಾದದ್ದು, ಏಕೆಂದರೆ 20 ಯೂನಿಟ್ ಸುಡುವ ಮನೆಗೆ ಶೇ. 10 ಎಂದರೆ ಬರೀ 2 ಯೂನಿಟ್.

ಮಿತಿ ದಾಟಿದರೆ ಹೆಚ್ಚಿನ ಯೂನಿಟ್ಟಿಗೆ ಹಣ. 200 ದಾಟಿದರೆ ಪೂರ್ತಿ ಬಿಲ್ಲು. ಹೀಗಾಗಿ ಈ ಯೋಜನೆಯಲ್ಲಿರುವ ಪ್ರತಿ ಮನೆಗೂ ಎರಡು ಗಡಿ ಹುಟ್ಟಿವೆ. ಗಡಿಯ ಈಚೆ ಉಳಿಸಿದರೂ ಲಾಭವಿಲ್ಲ, ಆಚೆ ಹೋದರೆ ಪೆಟ್ಟು. ಹಿಂದಿನ ವರ್ಷ ಮಿತವಾಗಿ ಬಳಸಿದವರಿಗೆ ಸಣ್ಣ ಮಿತಿ, ಧಾರಾಳವಾಗಿ ಬಳಸಿದವರಿಗೆ ದೊಡ್ಡದು ಸಿಕ್ಕಿದೆ. ಹೆಣ್ಣುಮಕ್ಕಳ ಕೈಯಲ್ಲಿ ನಾಲ್ಕು ಕಾಸು ಉಳಿಸಿದ ಈ ಯೋಜನೆಯನ್ನು ನಾನು ಹಳಿಯುತ್ತಿಲ್ಲ. ಮುಂದಿನ 10 ವರ್ಷದ ಬೇಡಿಕೆಯನ್ನು ಅಂದಾಜಿಸುವವರು ಈ ಎರಡು ಗಡಿಗಳನ್ನು ಲೆಕ್ಕದಲ್ಲಿ ಬರೆದುಕೊಳ್ಳದಿದ್ದರೆ ಅಂದಾಜು ಹುಸಿಯಾಗುತ್ತದೆ ಎನ್ನುತ್ತಿದ್ದೇನೆ. ಕೇಂದ್ರದ ಪಿಎಂ ಸೂರ್ಯಘರ್ ಯೋಜನೆ 3 ಕಿಲೋವಾಟ್ ಚಾವಣಿ ಸೌರಕ್ಕೆ 78,000 ರೂಪಾಯಿ ಸಹಾಯಧನ ಕೊಡುತ್ತದೆ. ಶೂನ್ಯ ಬಿಲ್ಲಿನ ಮನೆ ಅದಕ್ಕೆ ಮುಂದಾಗುವುದೇ ಎಂಬುದನ್ನೂ ಇಲ್ಲಿಂದಲೇ ನೋಡಬೇಕು.

◆ ಕರ್ನಾಟಕದ ವಿದ್ಯುತ್ತಿನ ಸುಮಾರು ಮೂರನೇ ಒಂದು ಭಾಗ ನೀರಾವರಿ ಪಂಪ್‌ಸೆಟ್ಟುಗಳಿಗೆ ಹೋಗುತ್ತದೆ. 10 ಎಚ್‌ಪಿವರೆಗೆ ಉಚಿತ. ಬಹುಪಾಲು ಪಂಪುಗಳಿಗೆ ಓದುವ ಮೀಟರಿಲ್ಲದ ಕಾರಣ ಈ ಭಾಗವನ್ನು ಫೀಡರು, ಟ್ರಾನ್ಸ್‌ಫಾರ್ಮರುಗಳ (ಟಿಸಿ) ಅಳತೆಯಿಂದ ಅಂದಾಜಿಸುತ್ತಾರೆ. ಅತಿ ದೊಡ್ಡ ಬಳಕೆದಾರರ ನಡವಳಿಕೆಯೇ ನಮಗೆ ನೇರವಾಗಿ ಕಾಣುತ್ತಿಲ್ಲ.

ನಡವಳಿಕೆ ಏನೆಂದು ಹೊಲಕ್ಕೆ ಹೋದರೆ ತಿಳಿಯುತ್ತದೆ. ತ್ರೀಫೇಸ್ ಕೊಡುವುದು ದಿನಕ್ಕೆ 7 ತಾಸು. ಯಾವಾಗ ಬಂದೀತೋ ಎಂದು ರೈತರು ಆಟೋ ಸ್ಟಾರ್ಟರ್ ಹಾಕಿಟ್ಟಿರುತ್ತಾರೆ. ಕರೆಂಟು ಬಂದ ಗಳಿಗೆಯಲ್ಲೇ ಸಾಲಿನ ಮೋಟರುಗಳೆಲ್ಲ ಒಮ್ಮೆಲೇ ಎದ್ದು ಲೋಡ್ ಏರುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಟಿಸಿ ಸುಡುತ್ತದೆ. ಕಡಿಮೆ ವೋಲ್ಟೇಜಿಗೆ ಹೆದರಿ ರೈತರು ನಾಜೂಕಿನ ಸ್ಟಾರ್ ಗುರುತಿನ ಪಂಪು ಬಿಟ್ಟು, ಸುಟ್ಟರೂ ಊರಲ್ಲೇ ವೈಂಡಿಂಗ್ ಮಾಡಿಸಿಕೊಳ್ಳಬಹುದಾದ ದಪ್ಪ ತಂತಿಯ ಮೋಟರು ತರುತ್ತಾರೆ. ಅದು ಇನ್ನಷ್ಟು ಕರೆಂಟು ಎಳೆಯುತ್ತದೆ, ವೋಲ್ಟೇಜ್ ಇನ್ನಷ್ಟು ಇಳಿಯುತ್ತದೆ. ಇದರಲ್ಲಿ ರೈತನ ತಪ್ಪೇನಿದೆ? ನಂಬಿಗೆಯ ವೋಲ್ಟೇಜ್ ಮೊದಲು ಬಂದರೆ ಒಳ್ಳೆಯ ಪಂಪು ತಾನೇ ಬರುತ್ತದೆ.

◆ ನಿರಂತರ ಜ್ಯೋತಿ ಯೋಜನೆಯಲ್ಲಿ ಹಳ್ಳಿಯ ಮನೆಗಳ ಫೀಡರನ್ನೂ ಪಂಪ್‌ಸೆಟ್ ಫೀಡರನ್ನೂ ಬೇರೆ ಮಾಡಲಾಯಿತು. ಪಾವಗಡದ 2050 ಮೆಗಾವಾಟ್ ಸೌರ ಪಾರ್ಕ್ ಸೇರಿದಂತೆ ಸೌರ ವಿದ್ಯುತ್ ಬೆಳೆದ ಮೇಲೆ ಪಂಪುಗಳಿಗೆ ಹಗಲಲ್ಲೇ ಕರೆಂಟು ಕೊಡುವುದು ಹೆಚ್ಚಿತು. ರಾತ್ರಿ ಬ್ಯಾಟರಿ ಹಿಡಿದು ಹಾವು, ಹಂದಿಗಳ ನಡುವೆ ನೀರು ಕಟ್ಟಲು ಹೋಗುತ್ತಿದ್ದವರಿಗೆ ಇದು ಜೀವದ ಮಾತು.

◆ ಹುನಗುಂದ ತಾಲ್ಲೂಕಿನ ರಾಮಥಾಳ–ಮರೋಳ ಹನಿ ನೀರಾವರಿ ಯೋಜನೆ 24,000 ಹೆಕ್ಟೇರಿಗಾಗಿ ರೂಪುಗೊಂಡದ್ದು. ಸಮುದಾಯ ಹನಿ ನೀರಾವರಿಯಲ್ಲಿ ಏಷ್ಯಾದಲ್ಲೇ ದೊಡ್ಡದೆಂದು ಹೆಸರು. ನೀರೆತ್ತಲು ಎಷ್ಟು ಕರೆಂಟು ಬೇಕೆಂಬುದು ಪಂಪಿನ ಮೇಲೆ ಬರೆದಿರುತ್ತದೆ. ಎಷ್ಟು ಖರ್ಚಾಗುತ್ತದೆ ಎಂಬುದು ರೈತ ಆ ವರ್ಷ ಕಡಲೆ ಬಿತ್ತಿದನೋ ಮೆಣಸಿನಕಾಯಿ ಹಚ್ಚಿದನೋ ಎಂಬುದರ ಮೇಲೆ.

◆ ಗ್ಯಾಸ್ ಸಂಪರ್ಕ ಕೊಟ್ಟ ಮಾತ್ರಕ್ಕೆ ಒಲೆ ಆರುವುದಿಲ್ಲ. ಬಡ ಮನೆಗಳಿಗೆ ಗ್ಯಾಸ್ ಕೊಟ್ಟ ಉಜ್ವಲಾ ಯೋಜನೆಯ ಫಲಾನುಭವಿಗಳು ವರ್ಷಕ್ಕೆ ಸರಾಸರಿ 3.21 ಸಿಲಿಂಡರ್ ಮಾತ್ರ ತುಂಬಿಸಿಕೊಂಡಿದ್ದರೆಂದು ಮಹಾಲೇಖಪಾಲರ 2019ರ ವರದಿ ಹೇಳಿತು. ನಮ್ಮ ಸೀಮೆಯಲ್ಲಿ ಇದಕ್ಕೆ ಬೆಲೆಯಷ್ಟೇ ಕಾರಣವಲ್ಲ. ಚಹಾ, ಪಲ್ಯ ಗ್ಯಾಸಿನ ಮೇಲೆ. ಜೋಳದ ರೊಟ್ಟಿ ಬಡಿದು ಸುಡುವುದು, ಬಚ್ಚಲ ಹಂಡೆಯ ನೀರು ಕಾಯಿಸುವುದು ಕಟ್ಟಿಗೆ ಒಲೆಯ ಮೇಲೆ. ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ, ಕುಳ್ಳು ಹೊಲಮನೆಯಲ್ಲೇ ಪುಕ್ಕಟೆ ಸಿಗುತ್ತವೆ. ಹತ್ತು ಜನರ ಮನೆಗೆ ರೊಟ್ಟಿ ಸುಡುವಷ್ಟು ಹೊತ್ತು ಗ್ಯಾಸ್ ಉರಿಸುವುದು ಕೈಗೆಟಕದು. ಹೊಗೆ ಕುಡಿಯುವವರು ಮಾತ್ರ ಹೆಂಗಸರೇ. ಒಂದು ಮನೆಗೆ ಒಂದೇ ಇಂಧನ ಎಂದು ಬರೆದುಕೊಂಡ ಯೋಜನೆಗೆ ಈ ಎರಡು ಒಲೆಯ ಅಡುಗೆಮನೆ ಕಾಣಿಸುವುದೇ ಇಲ್ಲ.

◆ ಇಳಕಲ್ಲಿನ ಕುಣಿ ಮಗ್ಗಕ್ಕೆ ಮೋಟರು ಬೇಡ, ಆದರೆ ಸೆರಗಿನ ಕೊಂಡಿ ಹಾಕುವ ಕಣ್ಣಿಗೆ ಬೆಳಕು ಬೇಕು. ಸಂಜೆ ಕರೆಂಟು ಹೋದರೆ ಕೈಮಗ್ಗವೂ ನಿಲ್ಲುತ್ತದೆ. ವಿದ್ಯುತ್ ಮಗ್ಗಗಳಿಗೆ 10 ಎಚ್‌ಪಿವರೆಗೆ ಉಚಿತ ವಿದ್ಯುತ್ ಕೊಡುವ ತೀರ್ಮಾನವನ್ನು ಸರ್ಕಾರ 2023ರಲ್ಲಿ ಮಾಡಿತು. ಹಾಗೆಂದು ಮಗ್ಗ ದಿನವಿಡೀ ಓಡುವುದಿಲ್ಲ. ಮಗ್ಗ ಓಡಿಸುವುದು ನೂಲಿನ ಬೆಲೆ ಮತ್ತು ಮದುವೆಯ ಸುಗ್ಗಿ.

◆ ಬಾದಾಮಿಯ ಬನಶಂಕರಿ ಜಾತ್ರೆ ಪುಷ್ಯ ಹುಣ್ಣಿಮೆಯ ಸುತ್ತ ವಾರಗಟ್ಟಲೆ ನಡೆಯುತ್ತದೆ. ನಾಟಕ ಕಂಪನಿಗಳ ಆಟ ರಾತ್ರಿಯೆಲ್ಲ ಇರುತ್ತದೆ. ಬೇರೆಡೆ ಊರು ಮಲಗಿ ಲೋಡ್ ಇಳಿದಿರುವ ಚಳಿಯ ರಾತ್ರಿಯಲ್ಲಿ ಇಲ್ಲಿ ತಾತ್ಕಾಲಿಕ ಸಂಪರ್ಕಗಳ ದೀಪಗಳು ಬೆಳಗಿನವರೆಗೆ ಉರಿಯುತ್ತವೆ. ಇದು ಯಾವ ರಾಷ್ಟ್ರೀಯ ಮಾದರಿಯಲ್ಲೂ ಇಲ್ಲ, ಅಲ್ಲಿನ ಲೈನ್‌ಮನ್‌ಗೆ ಮಾತ್ರ ಬಾಯಿಪಾಠ.

◆ ಪವರ್ ಕಟ್ ಇದ್ದ ವರ್ಷದ ಬಳಕೆ ಜನರ ಬೇಡಿಕೆಯಲ್ಲ. ಕರೆಂಟಿಲ್ಲದ ಕಾರಣ ಗಿರಣಿ ಮುಂದೆ ಜೋಳದ ಡಬ್ಬಿ ಇಟ್ಟು ಕಾದ ಹೊತ್ತು ಯಾವ ಮೀಟರಿನಲ್ಲೂ ದಾಖಲಾಗುವುದಿಲ್ಲ. ಅದೇ ಅಂಕಿಯನ್ನು ಹಿಡಿದು ಮುಂದಿನ ವರ್ಷದ ಲೆಕ್ಕ ಹಾಕಿದರೆ ಬಡತನವೇ ಯೋಜನೆಯಾಗಿಬಿಡುತ್ತದೆ.

◆ ಕ್ಯಾಲಿಫೋರ್ನಿಯಾದ ಸ್ಯಾನ್ ಮಾರ್ಕೋಸ್ ಊರಿನ ಮನೆಗಳಿಗೆ ನೆರೆಹೊರೆಯ ಸರಾಸರಿ ಬಳಕೆಯನ್ನು ತಿಳಿಸಿ ನೋಡಿದ ಪ್ರಯೋಗ 2007ರಲ್ಲಿ ಪ್ರಕಟವಾಯಿತು. ಹೆಚ್ಚು ಸುಡುತ್ತಿದ್ದವರು ಕಡಿಮೆ ಮಾಡಿದರು. ಕಡಿಮೆ ಸುಡುತ್ತಿದ್ದವರು ಹೆಚ್ಚು ಮಾಡಿದರು! ಅವರ ಚೀಟಿಯ ಮೇಲೆ ಒಂದು ನಗುಮುಖ ಬಿಡಿಸಿದಾಗ ಮಾತ್ರ ಆ ಏರಿಕೆ ನಿಂತಿತು.

◆ 2020ರ ಜನವರಿ 1ರಿಂದ ಸ್ಟಾರ್ ಗುರುತಿನ ಎಸಿಗಳು ಚಾಲೂ ಮಾಡಿದೊಡನೆ 24 ಡಿಗ್ರಿಯಲ್ಲೇ ಶುರುವಾಗಬೇಕೆಂಬ ನಿಯಮವಿದೆ. ಬೇಕಾದವರು ಇಳಿಸಿಕೊಳ್ಳಬಹುದು, ಬಹಳ ಜನ ಮುಟ್ಟುವುದಿಲ್ಲ ಎಂಬ ಭರವಸೆಯೇ ಅದರ ಹಿಂದಿನ ಲೆಕ್ಕ.

◆ 2014ರಲ್ಲಿ ಆಗಿನ ಯೋಜನಾ ಆಯೋಗ 2047ರವರೆಗಿನ ಇಂಧನ ಲೆಕ್ಕದ ಸಾಧನವೊಂದನ್ನು ಸಾರ್ವಜನಿಕರ ಮುಂದಿಟ್ಟಿತು. ಈಗ ನೀತಿ ಆಯೋಗ ನೋಡಿಕೊಳ್ಳುತ್ತದೆ. ಮನೆ, ಅಡುಗೆ, ಸಾರಿಗೆ ಎಲ್ಲಕ್ಕೂ 4 ಮಟ್ಟಗಳಿವೆ. ಯಾವ ಮಟ್ಟ ಆರಿಸಿದರೆ ದೇಶ ಎಷ್ಟು ಕಲ್ಲಿದ್ದಲು ತರಬೇಕಾದೀತೆಂದು ಕಾಲೇಜು ಹುಡುಗರೂ ನೋಡಬಹುದು.

◆ ದೊಡ್ಡ ವಾಣಿಜ್ಯ ಮತ್ತು ಕೈಗಾರಿಕಾ ಬಳಕೆದಾರರಿಗೆ 2024ರ ಏಪ್ರಿಲ್ 1ರಿಂದ, ಕೃಷಿ ಬಿಟ್ಟು ಉಳಿದವರಿಗೆ 2025ರ ಏಪ್ರಿಲ್ 1ರಿಂದ ಹೊತ್ತಿಗೆ ತಕ್ಕ ದರ ಇರಬೇಕೆಂದು ಕೇಂದ್ರದ 2023ರ ನಿಯಮ ಹೇಳುತ್ತದೆ. ಬಿಸಿಲಿನ ತಾಸುಗಳಲ್ಲಿ ಅಗ್ಗ, ಸಂಜೆ ತುಟ್ಟಿ. ಮನೆಗಳಿಗೆ ಅದು ಬರಲು ಸ್ಮಾರ್ಟ್ ಮೀಟರ್ ಬೇಕು. ಮಧ್ಯಾಹ್ನ ಮನೆಯಲ್ಲಿರುವವರು ವಾಷಿಂಗ್ ಮಷೀನ್ ಆಗ ಹಾಕಬಲ್ಲರು. ಕೂಲಿಗೆ ಹೋಗಿ ಸಂಜೆ ಬರುವವರಿಗೆ ಆ ಆಯ್ಕೆ ಇಲ್ಲ. ದರ ಬರೆಯುವವರು ಇದನ್ನು ಮರೆಯಬಾರದು.

◆ ಬಾಗಲಕೋಟೆ ಸೇರಿ 7 ಜಿಲ್ಲೆಗಳಿಗೆ ಕರೆಂಟು ಹಂಚುವ ಹೆಸ್ಕಾಂ ತನ್ನ ದರದ ಅರ್ಜಿಯಲ್ಲಿ ಯಾವ ವರ್ಗದ ಬಳಕೆದಾರರಿಗೆ ಮುಂದೆ ಎಷ್ಟು ಯೂನಿಟ್ ಮಾರಾಟವಾದೀತೆಂಬ ಅಂದಾಜನ್ನು ಕೊಡಬೇಕು. 2003ರ ವಿದ್ಯುಚ್ಛಕ್ತಿ ಕಾಯ್ದೆಯ 64ನೇ ಕಲಮಿನಂತೆ ಆ ಅರ್ಜಿ ಪ್ರಕಟವಾಗಬೇಕು. ಜನರ ಸಲಹೆ, ಆಕ್ಷೇಪಣೆಗಳನ್ನು ಪರಿಗಣಿಸಿದ ಮೇಲೆಯೇ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ 120 ದಿನಗಳೊಳಗೆ ಆದೇಶ ಹೊರಡಿಸಬೇಕು. ಆಕ್ಷೇಪಣೆ ಸಲ್ಲಿಸಲು ವಕೀಲರಾಗಬೇಕಿಲ್ಲ. ಇಳಕಲ್ಲಿನ ನೇಕಾರರು, ಹುನಗುಂದದ ರೈತರು, ನವನಗರದ ಬಾಡಿಗೆದಾರರು ಆ ಅಂದಾಜಿನ ಪುಟ ತೆರೆದು ‘ನಮ್ಮ ಬಳಕೆ ಹೀಗಿಲ್ಲ, ಹೀಗಿದೆ’ ಎಂದು ಕನ್ನಡದಲ್ಲೇ ಬರೆದು ಕೊಡಬಹುದು.